ಗುಡ್ಡದ ನೀರು ಕುಡಿದು ಹೊಟ್ಟೆ ಕೆಟ್ಟರೆ

ಮೂಡಿಗೆರೆ, ಕಳಸ ಕಡೆಯ ತೋಟದ ಮನೆಗಳಲ್ಲಿ ನೀರಿನ ಬಗ್ಗೆ ಒಂದು ಹೆಮ್ಮೆ ಇದೆ. ಮೋಟಾರು ಬೇಡ, ಕರೆಂಟು ಬೇಡ. ಮೇಲಿನ ಕಾಡಿನ ಒರತೆಗೆ ಪೈಪು ಸಿಕ್ಕಿಸಿದರೆ ಗ್ರಾವಿಟಿಯಲ್ಲೇ ಅಂಗಳಕ್ಕೆ ಇಳಿಯುತ್ತದೆ. ಬೆಂಗಳೂರಿನಿಂದ ಬಂದ ನೆಂಟರಿಗೆ ಲೋಟ ತುಂಬಿಸಿ ಕೊಟ್ಟು, ‘ಕುಡಿದು ನೋಡಿ, ನಿಮ್ಮ ಬಾಟಲಿ ನೀರು ಇದರ ಮುಂದೆ ಏನೂ ಅಲ್ಲ’ ಅನ್ನದ ಮನೆ ಕಡಿಮೆ. ರುಚಿಯ ಮಾತಿಗೆ ತಕರಾರಿಲ್ಲ. ಆದರೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಅದೇ ಪೈಪಿನಲ್ಲಿ ಕೆಂಪು ನೀರು ಬರುತ್ತದೆ. ಗುಡ್ಡದ ಮೇಲೆ ಮೇಯುವ ದನ, ತಿರುಗುವ ಕಾಡುಹಂದಿ, ಬಯಲಿಗೆ ಹೋಗುವ ಮನುಷ್ಯ, ಒರತೆಯ ಮೇಲ್ಭಾಗದಲ್ಲಿ ತೋಡಿದ ಹೋಂಸ್ಟೇಯ ಶೌಚದ ಗುಂಡಿ, ಎಲ್ಲದರ ಕೊಳೆಯನ್ನೂ ಮೊದಲ ಮಳೆ ತೊಳೆದು ತರುತ್ತದೆ. ಕೆಂಪು ನೀರನ್ನು ಕಂಡು ಎಚ್ಚರವಾಗುವವರೂ ನಾಲ್ಕು ದಿನಕ್ಕೆ ಅದು ತಿಳಿಯಾದ ಕೂಡಲೇ ಮತ್ತೆ ಬಾಯಿಟ್ಟು ಕುಡಿಯುತ್ತಾರೆ. ತಿಳಿಯಾಗಿರುವುದು ಮಣ್ಣು ಮಾತ್ರ. ರೋಗಾಣುಗಳು ಕಣ್ಣಿಗೆ ಕಾಣುವಂಥವಲ್ಲ.

ವಾಂತಿ-ಭೇದಿ ಎಲ್ಲ ಊರಿನಲ್ಲೂ ಒಂದೇ. ಮಲೆನಾಡಿನಲ್ಲಿ ಬೇರೆಯಾಗಿರುವುದು ಆಸ್ಪತ್ರೆಯ ದಾರಿ. ಕಳಸದಾಚೆಯ ತೋಟದ ಕೂಲಿಯವರ ಲೈನ್ ಮನೆಯಿಂದ ಮಗುವನ್ನು ಕರೆದೊಯ್ಯಬೇಕೆಂದರೆ ಜೀಪು ಸಿಗಬೇಕು, ದಾರಿಗೆ ಮರ ಉರುಳಿರಬಾರದು, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿರಬಾರದು. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದಾಗ ರಸ್ತೆ ಎಂಬುದೇ ಉಳಿದಿರಲಿಲ್ಲ. ಹಾಗಾಗಿ ಮೊದಲ ಆರೆಂಟು ಗಂಟೆ ಮನೆಯಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ನಮ್ಮಲ್ಲಿ ಆ ಹೊತ್ತಿನಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ: ಭೇದಿ ನಿಲ್ಲುವ ಮಾತ್ರೆ ಹುಡುಕುವುದು, ‘ಹೊಟ್ಟೆ ಖಾಲಿ ಬಿಡು, ತಾನೇ ನಿಲ್ಲುತ್ತೆ’ ಎಂದು ನೀರನ್ನೂ ಬಿಡಿಸುವುದು. ಎರಡೂ ತಪ್ಪು.

ಯಾರ ಕೆಲಸ ಇದು?

ವಾಂತಿ-ಭೇದಿ ಒಂದೇ ರೋಗವಲ್ಲ. ಚಿಕ್ಕ ಮಕ್ಕಳಲ್ಲಿ ರೋಟಾ ವೈರಸ್, ಎಲ್ಲ ವಯಸ್ಸಿನವರಲ್ಲೂ ನೋರೋ ವೈರಸ್, ಬ್ಯಾಕ್ಟೀರಿಯಾಗಳಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಅಪರೂಪಕ್ಕೆ ಕಾಲರಾ. ಪರಾವಲಂಬಿಗಳಲ್ಲಿ ಜಿಯಾರ್ಡಿಯಾ ಮತ್ತು ಆಮಶಂಕೆ ತರುವ ಅಮೀಬಾ. ಹೆಸರು ಇಷ್ಟು ಸಾಕು. ಮನೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಗಡಿಯಾರ.

ಮಧ್ಯಾಹ್ನ ಗೃಹಪ್ರವೇಶದ ಊಟ ಮಾಡಿದವರು ಸಂಜೆಯೊಳಗೆ ಸಾಲಾಗಿ ವಾಂತಿ ಮಾಡಿಕೊಂಡರೆ, ಅಂದರೆ 1ರಿಂದ 6 ಗಂಟೆಯೊಳಗೆ, ಅದು ಬಡಿಸುವ ಮೊದಲೇ ಅಡುಗೆಯಲ್ಲಿ ಹುಟ್ಟಿದ್ದ ವಿಷ. ಕೈ ಗಾಯದಿಂದ ಸಿಹಿತಿಂಡಿಗೆ ಇಳಿದ ಸ್ಟಫೈಲೋಕಾಕಸ್ಸೋ, ಬೆಳಿಗ್ಗೆ ಬೇಯಿಸಿ ಮುಚ್ಚಿಟ್ಟ ಅನ್ನದಲ್ಲಿ ಬೆಳೆದ ಬ್ಯಾಸಿಲಸ್ ಸೀರಿಯಸ್ಸೋ ಇರಬಹುದು. ಈ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ದೊಡ್ಡ ಪಾತ್ರೆಯಲ್ಲಿ ಮಾಡಿ ನಿಧಾನವಾಗಿ ಆರಿದ ಮಾಂಸದ ಸಾರು ಉಂಡು 8ರಿಂದ 16 ಗಂಟೆಯ ಹೊತ್ತಿಗೆ ಹೊಟ್ಟೆ ನುಲಿದು ಭೇದಿಯಾದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮೇಲೆ ಅನುಮಾನ. ಅರ್ಧ ದಿನದಿಂದ ಮೂರು ದಿನದೊಳಗೆ ಜ್ವರವೂ ಸೇರಿದರೆ ಸಾಲ್ಮೊನೆಲ್ಲಾ ತರದವು. ಜಿಯಾರ್ಡಿಯಾ ಒಂದೆರಡು ವಾರ ಕಾದು ಬರುತ್ತದೆ. ಕೊಳೆತ ತೇಗು, ಉಬ್ಬರ, ಜಿಡ್ಡಿನ ಮಲ. ಅದಕ್ಕೇ ಇವತ್ತು ಹೊಟ್ಟೆ ಕೆಟ್ಟರೆ ನಿನ್ನೆ ಹೋಟೆಲಿನಲ್ಲಿ ತಿಂದ ಪರೋಟವನ್ನೇ ಬೈಯುವುದು ಎಷ್ಟೋ ಸಲ ಅನ್ಯಾಯ.

ಕೊಯ್ಲಿನ ಕಾಲದಲ್ಲಿ ಈ ಅನ್ನದ ಮಾತು ನೆನಪಿರಲಿ. ಲೈನ್ ಮನೆಯಲ್ಲಿ ಬೆಳಗಿನ ಜಾವ ಮಾಡಿದ ಅನ್ನವನ್ನು ಬಿಸಿ ಇರುವಾಗಲೇ ಡಬ್ಬಿಗೆ ಒತ್ತಿ ಮುಚ್ಚಿ, ಕಾಫಿ ಗಿಡದ ಬುಡದಲ್ಲಿಟ್ಟು ಮಧ್ಯಾಹ್ನ ಉಣ್ಣುತ್ತಾರೆ. ಆ ಉಗುರುಬೆಚ್ಚಗಿನ ಏಳೆಂಟು ಗಂಟೆ ಬ್ಯಾಸಿಲಸ್‌ಗೆ ಧಾರಾಳ ಸಾಕು. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಪೂರಾ ಆರಿಸಿ ಬುತ್ತಿ ಕಟ್ಟಿದರೆ, ಜೊತೆಗೆ ಮಜ್ಜಿಗೆ ಕಲಸಿದರೆ ಅಪಾಯ ಬಹಳ ತಗ್ಗುತ್ತದೆ. ಹುಳಿಯಲ್ಲಿ ಅದು ಚೆನ್ನಾಗಿ ಬೆಳೆಯಲಾರದು. ಹಳಬರ ಮೊಸರನ್ನದ ಬುತ್ತಿಯ ಹಿಂದೆ ಈ ಲೆಕ್ಕವಿತ್ತೋ ಇಲ್ಲವೋ, ಪದ್ಧತಿ ಮಾತ್ರ ಸರಿಯಾಗಿಯೇ ಇತ್ತು.

ಒಂದು ಲೀಟರು ಅಂದರೆ ಒಂದು ಲೀಟರು

ವಾಂತಿ-ಭೇದಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ರೋಗಾಣುವಿನಿಂದಲ್ಲ, ಮೈಯಿಂದ ನೀರು ಮತ್ತು ಉಪ್ಪು ಹೋಗಿ. ಬರೀ ನೀರು ಕುಡಿದರೆ ಹೋದ ಉಪ್ಪು ತುಂಬುವುದಿಲ್ಲ. ಕರುಳಿನ ಒಳಪದರದಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಒಳಗೆಳೆದುಕೊಳ್ಳುವ ಏರ್ಪಾಡಿದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. ಕಾಲರಾ ಬಂದಾಗಲೂ ಈ ಏರ್ಪಾಡು ಕೆಡುವುದಿಲ್ಲ. ಇವೆರಡೂ ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನೋಬಿಸ್ ಇದನ್ನೇ ನಂಬಿದರು. ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು, ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಲೈನ್ ಮನೆಯ ತಾಯಿ ಕೂಡ ಇದನ್ನು ಮಾಡಬಲ್ಲಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗಿನ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಎಡವಟ್ಟಾಗುವುದು ಕಲಸುವಾಗ. ದೊಡ್ಡ ಪ್ಯಾಕೆಟ್ಟು ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ, ಯಾವುದೆಂದು ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ, ಓದಿಕೊಳ್ಳಿ. ಅನೇಕರು ದೊಡ್ಡ ಪ್ಯಾಕೆಟ್ಟಿನಿಂದ ಒಂದು ಚಮಚ ಲೋಟಕ್ಕೆ ಹಾಕಿ, ಉಳಿದದ್ದನ್ನು ಮಡಚಿ ಡಬ್ಬಿಯಲ್ಲಿಡುತ್ತಾರೆ. ಪುಡಿಯಲ್ಲಿ ಉಪ್ಪು ಒಂದು ಕಡೆ, ಗ್ಲೂಕೋಸ್ ಒಂದು ಕಡೆ ಕೂತಿರಬಹುದು. ಒಂದು ಲೋಟ ಸಪ್ಪೆ, ಇನ್ನೊಂದು ವಿಪರೀತ ಉಪ್ಪು. ಗಟ್ಟಿ ಕಲಸಿದ ಓಆರ್‌ಎಸ್ ಮಗುವಿಗೆ ನಿಜಕ್ಕೂ ಅಪಾಯ. ಅಂಗಡಿಯ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೊಳೆದಿಟ್ಟುಕೊಳ್ಳಿ, ಅದೇ ಅಳತೆ. ಕುದಿಸಿ ಆರಿಸಿದ ನೀರು ತುಂಬಿ, ಇಡೀ ಪ್ಯಾಕೆಟ್ಟು ಸುರಿದು, ಅಲುಗಾಡಿಸಿ. 24 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ ಹೊಸದು ಮಾಡಿ.

ಪ್ಯಾಕೆಟ್ಟು ಇಲ್ಲದಿದ್ದರೆ ಅದೇ ಬಾಟಲಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚವನ್ನು ಮಟ್ಟಸವಾಗಿ ಸವರಿಕೊಳ್ಳಬೇಕು, ರಾಶಿ ಹಾಕಬಾರದು. ಬಾಯಿಗಿಟ್ಟು ನೋಡಿ: ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ. ಉಪ್ಪು ಹಾಕಿದ ತೆಳು ಗಂಜಿ ತಿಳಿಯೂ ಒಳ್ಳೆಯದೇ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ.

ಕುಡಿಸುವ ಲೆಕ್ಕ ಇಷ್ಟು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಬೇಕಾದಷ್ಟು. ‘ಕೊಟ್ಟಿದ್ದೆಲ್ಲ ವಾಂತಿ ಮಾಡುತ್ತೆ’ ಎಂದು ಕೈಬಿಡಬೇಡಿ. ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಒಂದೊಂದೇ ಚಮಚ, ಒಂದೆರಡು ನಿಮಿಷಕ್ಕೊಮ್ಮೆ. ಇದು ತಾಳ್ಮೆಯ ಕೆಲಸ. ಗಡಿಯಾರ ನೋಡಿಕೊಂಡು ಕೂರುವ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಅವರಿಗೇ ಒಪ್ಪಿಸಿ. ಎದೆಹಾಲು ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ ಜಿಂಕ್ ಮಾತ್ರೆ, ಭೇದಿ ನಿಂತರೂ 14 ದಿನ ಪೂರ್ತಿ. ಎರಡರಿಂದ ಆರು ತಿಂಗಳ ಕೂಸಿಗೆ 10 ಮಿ.ಗ್ರಾಂ. ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್, ಜಿಂಕ್ ಎರಡನ್ನೂ ಕೇಳಿ.

ಅಂಗಡಿಯಲ್ಲಿ ತಣ್ಣಗೆ ಸಿಗುವ ಬಣ್ಣದ ಪೊಟ್ಟಣದ ಪಾನೀಯಗಳ ವಿಷಯ ಬೇರೆ. ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ಅತ್ಯಲ್ಪ. ಹೆಚ್ಚಾದ ಸಕ್ಕರೆ ಕರುಳಿಗೆ ಇನ್ನಷ್ಟು ನೀರೆಳೆದು ಭೇದಿ ಜಾಸ್ತಿ ಮಾಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, ಸರಿಯಾದ ಸೂತ್ರವಿಲ್ಲದ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂಬ ಪದ ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಈಗಲೂ ಕೊಳ್ಳುವಾಗ ಪುಡಿಯ ಪ್ಯಾಕೆಟ್ಟನ್ನೇ ಕೇಳಿ, ಸೂತ್ರ ಓದಿ.

ನಮ್ಮೂರಿನ ಔಷಧಿ ಕಪ್ಪು ಕಾಫಿಗೆ ನಿಂಬೆ ಹಿಂಡಿ ಕುಡಿಯುವುದು. ಕಾಫಿ ಬೆಳೆಯುವವರ ಮುಂದೆ ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳುತ್ತೇನೆ: ಕಾಫಿ ದೊಡ್ಡ ಕರುಳನ್ನು ಚುರುಕುಗೊಳಿಸುತ್ತದೆ, ಅದರಲ್ಲಿ ಉಪ್ಪಿಲ್ಲ. ಗಟ್ಟಿಮುಟ್ಟಾದ ದೊಡ್ಡವರು ಅರ್ಧ ಲೋಟ ಕುಡಿದರೆ ನಷ್ಟವಿಲ್ಲ. ಮಕ್ಕಳಿಗೆ ಬೇಡವೇ ಬೇಡ. ಇನ್ನು ‘ಗ್ಲೂಕೋಸ್ ಹಾಕಿಸಿದರೇ ಸಮಾಧಾನ’ ಎನ್ನುವವರಿಗೆ ಒಂದು ಮಾತು. ಕುಡಿಯಲು ಆಗುವವರಿಗೆ ಡ್ರಿಪ್ಪಿನಿಂದ ಓಆರ್‌ಎಸ್‌ಗಿಂತ ಹೆಚ್ಚೇನೂ ಸಿಗುವುದಿಲ್ಲ, ಸೂಜಿಯ ನೋವು ಬಿಟ್ಟು.

ಒಳಗಿನ ಜನಸಂಖ್ಯೆ

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರ ಒಂದು ಅಂದಾಜು. ಎಲ್ಲ ಸೇರಿ ತೂಕ 200 ಗ್ರಾಂ ಆಸುಪಾಸು. ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಾವು ಅರಗಿಸಲಾರದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಊಟ, ಅಲ್ಲದೆ ಉಪ್ಪು-ನೀರು ಹೀರುವುದಕ್ಕೂ ಅದೇ ಸಹಾಯ. ಹೊರಗಿನಿಂದ ಬಂದ ರೋಗಾಣುವಿಗೆ ಜಾಗವನ್ನೂ ಆಹಾರವನ್ನೂ ಬಿಟ್ಟುಕೊಡದೆ ತಡೆಯುವುದೂ ಇವೇ.

ಭೇದಿ ಶುರುವಾದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ‘ಹೊಟ್ಟೆ ಕೆಟ್ಟಿದೆ, ಏನಾದ್ರೂ ಕೊಡಿ’ ಎಂದರೆ ಎಷ್ಟೋ ಕಡೆ ಕೈಗೆ ಬರುವುದು ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಕೂಡಿದ ಮಾತ್ರೆ. ಭೇದಿ ತಂದಿರುವುದು ವೈರಸ್ ಆದರೆ ಆ ಮಾತ್ರೆ ಅದಕ್ಕೆ ಏನೂ ಮಾಡದು. ಆದರೆ ಒಳಗಿನ ನಿವಾಸಿಗಳನ್ನು ಬಡಿಯುತ್ತದೆ. ತೋಟಕ್ಕೆ ಕಳೆನಾಶಕ ಹೊಡೆದು ನೆಲ ಬೋಳಾದ ಮೇಲೆ ಮೊದಲ ಮಳೆಗೆ ಯಾವ ಗಿಡ ಎದ್ದು ಬರುತ್ತದೆಂದು ಬೆಳೆಗಾರರಿಗೆ ಗೊತ್ತು. ಕರುಳಿನಲ್ಲೂ ಹಾಗೆಯೇ: ಬೋಳಾದ ಜಾಗಕ್ಕೆ ಕೆಲವೊಮ್ಮೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ನುಗ್ಗಿ, ಮಾತ್ರೆಯಿಂದಲೇ ಭೇದಿ ಹುಟ್ಟುತ್ತದೆ. ಮೊದಲಿನ ಸ್ಥಿತಿಗೆ ಮರಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಸಾಮಾನ್ಯ ನೀರುಭೇದಿ ಬಹುಪಾಲು ತಾನಾಗಿಯೇ ಇಳಿಯುವಂಥದ್ದು. ಆಂಟಿಬಯಾಟಿಕ್ ಬೇಕಾಗುವ ಸಂದರ್ಭಗಳಿವೆ: ಜ್ವರದೊಂದಿಗೆ ರಕ್ತಭೇದಿ, ಕಾಲರಾ, ಪರೀಕ್ಷೆಯಲ್ಲಿ ಕಂಡ ಅಮೀಬಾ ಅಥವಾ ಜಿಯಾರ್ಡಿಯಾ. ಅದನ್ನು ವೈದ್ಯರು ಹೇಳಬೇಕು, ಕೌಂಟರಿನ ಹುಡುಗನಲ್ಲ. ಕರುಳಿನ ಚಲನೆ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಮಕ್ಕಳಿಗೆ, ಜ್ವರ-ರಕ್ತವಿರುವ ಭೇದಿಗೆ ಕೊಡಲೇಬಾರದು.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ನುಂಗಿದರೆ? ಪ್ರೋಬಯಾಟಿಕ್ ಬಾಟಲಿಗಳು ಈಗ ಚೀಟಿಯಲ್ಲಿ ಕಾಯಂ. ಅಮೆರಿಕ ಮತ್ತು ಕೆನಡಾದಲ್ಲಿ ವಾಂತಿ-ಭೇದಿಯ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟವರಿಗೂ ಸುಳ್ಳು ಮದ್ದು ಕೊಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆ ದುಡ್ಡಿಗೆ ಹತ್ತು ಪ್ಯಾಕೆಟ್ ಓಆರ್‌ಎಸ್ ಕೊಂಡು ಅಟ್ಟಣಿಗೆಯಲ್ಲಿಡಿ. ಮನೆಯ ಮೊಸರನ್ನು ಊಟವಾಗಿ ತಿನ್ನಿ, ಔಷಧಿಯೆಂದಲ್ಲ. ರೋಟಾ ಬಂದ ಮಕ್ಕಳಿಗೆ ಕೆಲ ದಿನ ಹಸುವಿನ ಹಾಲು ಅರಗದೇ ಇರಬಹುದು. ಆಗಲೂ ಮೊಸರು, ಮಜ್ಜಿಗೆ ಸಲೀಸು.

ಉಪವಾಸ ಕೆಡಿಸಬೇಡಿ ಎಂಬ ಮಾತು ದೇವರಿಗೆ ಬಿಡಿ, ಭೇದಿಯಲ್ಲಿ ಉಪವಾಸ ಮಾಡಬೇಡಿ. ವಾಂತಿ ಇಳಿದ ಕೂಡಲೇ ಗಂಜಿ, ಮೆತ್ತಗಿನ ಅನ್ನ, ಇಡ್ಲಿ, ತೆಳು ತೊವ್ವೆ. ಇನ್ನೊಂದು ವಸ್ತು ನಮ್ಮ ಹಿತ್ತಿಲಲ್ಲೇ ಇದೆ: ಬಾಳೆಕಾಯಿ. ಬಾಂಗ್ಲಾದೇಶದಲ್ಲಿ ಎಷ್ಟು ದಿನವಾದರೂ ಭೇದಿ ನಿಲ್ಲದ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿ ಬೆರೆಸಿದ ಅನ್ನ ಕೊಟ್ಟು ನೋಡಿದ ಅಧ್ಯಯನ 2001ರಲ್ಲಿ ಬಂತು. ಭೇದಿ ಬೇಗ ತಗ್ಗಿತ್ತು. ಕಾಯಿಯ ಅರಗದ ಪಿಷ್ಟ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ನೇರ ಸಿಕ್ಕು, ಮೇಲೆ ಹೇಳಿದ ಆ ಆಮ್ಲಗಳಾಗುತ್ತದೆ. ಬೇಯಿಸಿ, ಹಿಸುಕಿ, ಉಪ್ಪು ಹಾಕಿ, ಮೆಣಸಿನಕಾಯಿ ಒಗ್ಗರಣೆ ಬಿಟ್ಟು ಗಂಜಿಗೆ ಸೇರಿಸಿ.

ಇದು ಬರೀ ಹೊಟ್ಟೆಯದಲ್ಲ ಎನ್ನುವಾಗ

ಆರು ಗಂಟೆಯಾದರೂ ಮೂತ್ರವಿಲ್ಲ, ಕಣ್ಣು ಗುಳಿಬಿದ್ದಿದೆ, ಕೂಸಿನ ನೆತ್ತಿ ತಗ್ಗಿದೆ, ಅತ್ತರೆ ಕಣ್ಣೀರಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಕೂರುತ್ತದೆ, ಮಗು ಮಂಕಾಗಿ ಕುಡಿಯಲೂ ಒಲ್ಲೆನ್ನುತ್ತದೆ ಎಂದಾದರೆ 108ಕ್ಕೆ ಕರೆ ಮಾಡಿ, ಕಾಯುವಾಗಲೂ ಜೀಪಿನಲ್ಲೂ ಚಮಚ ನಿಲ್ಲಿಸಬೇಡಿ. ಪ್ರಜ್ಞೆಯೇ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು. ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಹೊಟ್ಟೆನೋವು, ಗಂಜಿ ತಿಳಿಯಂಥ ನೀರು ಧಾರೆಯಾಗಿ ಹೋಗುವುದು, ಇವಕ್ಕೂ ತಡ ಮಾಡುವಂತಿಲ್ಲ. ಗರ್ಭಿಣಿಯರು, ವಯಸ್ಸಾದವರು, ಬಿಪಿ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಬೇಗ ವೈದ್ಯರನ್ನು ಕಾಣಲಿ. ಕೆಲವು ಮಾತ್ರೆಗಳನ್ನು ಆ ದಿನಗಳಲ್ಲಿ ನಿಲ್ಲಿಸಬೇಕಾಗುತ್ತದೆ.

ಕಾಫಿ ನಾಡಿನಲ್ಲಿ ಹೊಟ್ಟೆರೋಗದ ವೇಷ ಹಾಕಿ ಬರುವ ಇತರ ಕಾಯಿಲೆಗಳೂ ಇವೆ. ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳುವಿಗೆ ಔಷಧಿ ಹೊಡೆದು ಬಂದವನು ವಾಂತಿ-ಭೇದಿಯ ಜೊತೆ ಜೊಲ್ಲು ಸುರಿಸಿ, ಬೆವರಿ, ಕಣ್ಣಪಾಪೆ ಚಿಕ್ಕದಾಗಿದ್ದರೆ ಅದು ಕೀಟನಾಶಕದ ವಿಷ. ಬಟ್ಟೆ ಬಿಚ್ಚಿ, ಸೋಪಿನಲ್ಲಿ ಮೈ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ. ಮಳೆ ಶುರುವಾದಾಗ ಕಾಡಿನಿಂದ ತಂದ ಅಣಬೆ ತಿಂದು ಆರೇಳು ಗಂಟೆಯ ಮೇಲೆ ವಾಂತಿ ಶುರುವಾದರೆ ‘ಈಗ ಸರಿಹೋಯಿತು’ ಎಂದು ಮನೆಯಲ್ಲಿ ಮಲಗಬೇಡಿ. ಯಕೃತ್ತಿಗೆ ಪೆಟ್ಟು ಆಮೇಲೆ ಗೊತ್ತಾಗುವ ಅಣಬೆಗಳಿವೆ. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗಿಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವಿನೊಂದಿಗೆ ವಾಂತಿ-ಭೇದಿಯಿದ್ದರೆ ಮಂಗನ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಮತ್ತೆ ನೀರಿಗೆ

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ರೋಗಾಣು ಸಾಯುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್; ಅಲ್ಲೂ ನೀರು ಕುದಿಯುವುದು 93–94 ಡಿಗ್ರಿಯಲ್ಲಿ. ಜೋರಾಗಿ ಉಕ್ಕಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ನಮ್ಮ ಜಿಲ್ಲೆಯ ಯಾವ ಮೂಲೆಯಲ್ಲೂ ಸಾಕು. ಬೆಚ್ಚಗೆ ಮಾಡಿ ಇಳಿಸಿದರೆ ಮಾತ್ರ ಏನೂ ಪ್ರಯೋಜನವಿಲ್ಲ. ಕೆಂಪು ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು ಆಮೇಲೆ ಕುದಿಸಿ.

ತೋಟದ ದೊಡ್ಡ ಟ್ಯಾಂಕಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ, ಕಲಸಿ ತಿಳಿನೀರು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಕದಡಿದ ನೀರಿನಲ್ಲಿ ಅದರ ಆಟ ನಡೆಯದು. ತೆರೆದಿಟ್ಟ ಹಳೆಯ ಪೌಡರಿನದ್ದೂ ನಡೆಯದು. ಒರತೆಯ ಬಾಯಿಗೆ ಸಿಮೆಂಟಿನ ಮುಚ್ಚಳ, ಸುತ್ತ ದನ ಬರದಂತೆ ಬೇಲಿ, ಮೇಲಿನಿಂದ ಹರಿದು ಬರುವ ಮಳೆನೀರಿಗೆ ಪಕ್ಕದಲ್ಲೊಂದು ಕಾಲುವೆ. ಶೌಚದ ಗುಂಡಿ ಕನಿಷ್ಠ 15 ಮೀಟರ್ ದೂರವಿರಲಿ, ಇಳಿಜಾರಿನಲ್ಲಿ ಒರತೆಗಿಂತ ಕೆಳಗಿರಲಿ. ಒಂದೇ ಗುಡ್ಡದ ಹೋಂಸ್ಟೇಯವರೂ ಕೆಳಗಿನ ಲೈನ್ ಮನೆಯವರೂ ಈ ವಿಷಯದಲ್ಲಿ ಮುಖ ನೋಡಿ ಮಾತಾಡಿಕೊಳ್ಳುವುದು ಒಳ್ಳೆಯದು. ಪಂಚಾಯಿತಿಯಲ್ಲಿ ನೀರಿನ ಪರೀಕ್ಷಾ ಕಿಟ್ ಕೇಳಿ. ಅದರಲ್ಲಿರುವ ಚಿಕ್ಕ ಬಾಟಲಿಗೆ ನೀರು ತುಂಬಿಟ್ಟು ಮಾರನೆಯ ದಿನ ಕಪ್ಪಾಗಿದ್ದರೆ ಆ ನೀರಿಗೆ ಮಲ ಸೇರಿರುವ ಶಂಕೆ. ಪಟ್ಟಣದ ನಲ್ಲಿಯವರೂ ನಿರಾಳವಾಗಿರುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜೀವಗಳು ಹೋದದ್ದು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದು ಮನೆ ಬಾಗಿಲಿಗೆ ಬಂದ ಕಲುಷಿತ ನೀರಿನಿಂದಲೇ.

ಕೂಸುಗಳಿಗೆ ರೋಟಾ ಲಸಿಕೆ 6, 10, 14ನೇ ವಾರದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಕರ್ನಾಟಕದಲ್ಲಿ 2019ರಿಂದ ಇದೆ. ಇದರ ಕತೆಯಲ್ಲಿ ಬೆಂಗಳೂರೂ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ತಂಡ ಬೆಂಗಳೂರಿನ ನವಜಾತ ಶಿಶುಗಳಲ್ಲಿ, ಮೈಯಲ್ಲಿದ್ದರೂ ಭೇದಿ ತರದ ಐ321 ಎಂಬ ರೋಟಾ ತಳಿಯನ್ನು ಕಂಡುಹಿಡಿದಿತ್ತು. ದೆಹಲಿಯ 116ಇ ತಳಿಯ ಜೊತೆ ಅದನ್ನೂ ಲಸಿಕೆಗಾಗಿ ಪರೀಕ್ಷಿಸಿ, ಕೊನೆಗೆ ದೆಹಲಿಯದನ್ನೇ ಆರಿಸಿಕೊಂಡರು. 2015ರಲ್ಲಿ ಬಂದ ರೋಟಾವ್ಯಾಕ್ ಅದರದ್ದೇ.

ಕೊನೆಯದು ಅಡುಗೆಮನೆಯ ಮಾತು, ಹೋಂಸ್ಟೇ ನಡೆಸುವವರು ಗಮನಿಸಿ. ನೋರೋ ವೈರಸ್ಸಿಗೆ ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಸಾಲದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯಬೇಕು. ವಾಂತಿ ಬಿದ್ದ ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆಯಿರಿ. ಅಡುಗೆಯವರಿಗೋ ಬಡಿಸುವವರಿಗೋ ಹೊಟ್ಟೆ ಕೆಟ್ಟರೆ, ಕೊನೆಯ ಭೇದಿಯಾಗಿ 48 ಗಂಟೆ ಕಳೆಯುವವರೆಗೆ ಸೌಟು ಹಿಡಿಸಬೇಡಿ. ಆ ಎರಡು ದಿನದ ಕೂಲಿಯನ್ನೂ ಕೊಟ್ಟುಬಿಡಿ. ಕೂಲಿ ಕಡಿದರೆ ಯಾರೂ ಹೊಟ್ಟೆ ಕೆಟ್ಟಿದೆ ಎಂದು ಬಾಯಿಬಿಡುವುದಿಲ್ಲ.